ಪೈಪು ತಲುಪದ ಅಂಗಳದಲ್ಲಿ ಕಾರು ತೊಳೆಯುವ ಕ್ರಮ

ಶಿವಮೊಗ್ಗದ ಬಡಾವಣೆಗಳಲ್ಲಿ ಮೇಲ್ಮಹಡಿಯ ಬಾಡಿಗೆ ಮನೆಯಲ್ಲಿದ್ದು ಕಾರನ್ನು ರಸ್ತೆಯಂಚಿನಲ್ಲಿ ನಿಲ್ಲಿಸುವವರಿಗೂ, ತೀರ್ಥಹಳ್ಳಿ, ಹೊಸನಗರದ ಕಡೆ ಬಾವಿಯ ನೀರನ್ನೋ ಗುಡ್ಡದಿಂದ ಇಳಿಯುವ ಅಬ್ಬಿ ನೀರನ್ನೋ ನೆಚ್ಚಿಕೊಂಡಿರುವ ಒಂಟಿಮನೆಯವರಿಗೂ ಕಾರು ತೊಳೆಯುವ ವಿಷಯದಲ್ಲಿ ತೊಡಕು ಒಂದೇ: ಕಾರು ನಿಂತ ಜಾಗಕ್ಕೆ ಪೈಪು ಮುಟ್ಟುವುದಿಲ್ಲ. ಹಾಗೆಂದು ಪ್ರತಿ ಸಲವೂ ವಾಟರ್ ಸರ್ವೀಸಿಗೆ ಗಾಡಿ ಕೊಂಡೊಯ್ಯಬೇಕಾಗಿಲ್ಲ. ಎರಡು ಬಕೆಟ್, ಒಂದು ಚೊಂಬು, ಐದಾರು ಒಳ್ಳೆಯ ಬಟ್ಟೆ ಮತ್ತು ಒಂದು ಗಂಟೆಯ ಬಿಡುವು ಇದ್ದರೆ ಮೂರರಿಂದ ಐದು ಬಕೆಟ್ ನೀರಿನಲ್ಲಿ, ಬಣ್ಣಕ್ಕೆ ಗೀರು ಬೀಳದಂತೆ, ಕಾರನ್ನು ಮನೆಯಲ್ಲೇ ತೊಳೆಯಬಹುದು. ಆದರೆ ಪೈಪಿನಲ್ಲಿ ತೊಳೆಯುವ ಕ್ರಮವನ್ನೇ ಬಕೆಟ್ಟಿನಲ್ಲಿ ಅನುಸರಿಸಿದರೆ ಕೆಲಸ ಕೆಡುತ್ತದೆ.

ಪೈಪಿನ ನೀರು ಮಾಡುವ ಮುಖ್ಯ ಕೆಲಸವೆಂದರೆ ಕೈ ಸೋಕುವ ಮೊದಲೇ ಮಣ್ಣನ್ನು ತನ್ನ ರಭಸದಿಂದ ಕಿತ್ತು ಕೆಳಗಿಳಿಸುವುದು. ಚೊಂಬಿನ ನೀರಿಗೆ ಆ ರಭಸವಿಲ್ಲ. ಅದರ ಬದಲು ನಾವು ಸಮಯವನ್ನು ಕೊಡಬೇಕು, ಅಂದರೆ ಮಣ್ಣು ತಾನಾಗಿ ಸಡಿಲಗೊಳ್ಳುವ ತನಕ ನೆನೆಸಬೇಕು. ಕಾರಿನ ಬಣ್ಣದ ಮೇಲೆ ಹೊಳಪಿಗಾಗಿ ಹಚ್ಚಿರುವ ಪಾರದರ್ಶಕ ಪದರದ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್. ನಾವು ಬರೆಯುವ ಹಾಳೆಯ ಸುಮಾರು ಅರ್ಧದಷ್ಟು. ಮಲೆನಾಡಿನ ಜಂಬಿಟ್ಟಿಗೆ ಮಣ್ಣಿನಲ್ಲಿ ನುಣ್ಣನೆಯ ಕೆಂಪು ಜೇಡಿಯ ಜೊತೆಗೆ ಗಟ್ಟಿಯಾದ ಮರಳಿನ ಕಣಗಳೂ ಇರುತ್ತವೆ. ಒಣಗಿದ ಈ ಮಣ್ಣಿನ ಮೇಲೆ ಬಟ್ಟೆ ಇಟ್ಟು ಉಜ್ಜುವುದೆಂದರೆ ಆ ತೆಳು ಪದರಕ್ಕೆ ಮರಳು ಕಾಗದ ಹಿಡಿದಂತೆಯೇ. ಕೆಲವು ವರ್ಷಗಳ ಹಿಂದೆ ಆಗುಂಬೆ ಘಾಟಿ ಹತ್ತಿ ಬಂದ ಮರುದಿನ, ಅವಸರದಲ್ಲಿ, ಹಳೆಯ ಬನಿಯನ್ನನ್ನು ಒದ್ದೆ ಮಾಡಿಕೊಂಡು ಬಾನೆಟ್ಟಿನ ಮೇಲಿನ ಒಣ ಕೆಸರನ್ನು ತಿಕ್ಕಿ ತೆಗೆದಿದ್ದೆ. ನೆರಳಿನಲ್ಲಿ ಚೆನ್ನಾಗಿಯೇ ಕಂಡಿತು. ಬಿಸಿಲಿಗೆ ತಂದಾಗ ಬಾನೆಟ್ಟಿನ ತುಂಬ ಜೇಡರ ಬಲೆಯಂಥ ಸುತ್ತುಗೀರುಗಳಿದ್ದವು. ಅವು ಇಂದಿಗೂ ಇವೆ.

ನೀರು ಎಷ್ಟು, ಯಾವುದು

ಬೇಸಿಗೆಯ ಬರಿಯ ಧೂಳಾದರೆ 15 ಲೀಟರಿನ ಮೂರು ಬಕೆಟ್, ಅಂದರೆ 45 ಲೀಟರ್ ನೀರು ಒಂದು ಸಣ್ಣ ಕಾರಿಗೆ ಸಾಕು. ಮಳೆಗಾಲದ ರಾಡಿಯಾದರೆ ಚಕ್ರ ಮತ್ತು ಮಡ್‌ಗಾರ್ಡಿನ ಒಳಭಾಗಕ್ಕೆಂದೇ ಇನ್ನೆರಡು ಬಕೆಟ್ ಬೇಕು. ಇದು ಹೆಚ್ಚೆನ್ನಿಸಿದರೆ, ಪೈಪಿರುವ ಪರಿಚಯದವರ ಮನೆಯಲ್ಲಿ ಅದೇ ಬಕೆಟ್ಟನ್ನು ನಲ್ಲಿಗೆ ಹಿಡಿದು ಎಷ್ಟು ಹೊತ್ತಿನಲ್ಲಿ ತುಂಬುತ್ತದೆಂದು ಗಡಿಯಾರ ನೋಡಿ ಲೆಕ್ಕ ಹಾಕಬಹುದು. ಒಂದು ನಿಮಿಷಕ್ಕೆ ಬಕೆಟ್ ತುಂಬುವ ಪೈಪನ್ನು ಹತ್ತು ನಿಮಿಷ ಬಿಟ್ಟುಕೊಂಡರೆ 150 ಲೀಟರ್ ಹೋಗಿರುತ್ತದೆ.

ಯಾವ ನೀರು ಎಂಬುದೂ ಮುಖ್ಯ. ಬೋರ್‌ವೆಲ್ ನೀರಿನಲ್ಲಿ ಕರಗಿರುವ ಸುಣ್ಣದ ಅಂಶ ನೀರು ಆರಿದ ಮೇಲೆ ಬಿಳಿಯ ಚುಕ್ಕೆಯಾಗಿ ಉಳಿಯುತ್ತದೆ. ಕಬ್ಬಿಣದ ಅಂಶವಿರುವ ನೀರು ಬಿಳಿಯ ಕಾರಿನ ಮೇಲೆ ತುಕ್ಕಿನ ಬಣ್ಣದ ಗೆರೆ ಬಿಡುತ್ತದೆ. ಮಳೆಯ ನೀರಿನಲ್ಲಿ ಇವೆರಡೂ ಇಲ್ಲವೆಂಬಷ್ಟು ಕಡಿಮೆ. ಆದ್ದರಿಂದ ಮಳೆಗಾಲದಲ್ಲಿ ಹಂಚಿನ ಮಾಡಿನ ಸೂರಿನಿಂದ ಬೀಳುವ ನೀರನ್ನು ಡ್ರಮ್ಮಿನಲ್ಲಿ ಹಿಡಿದಿಟ್ಟುಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು. ಮೊದಲ ಕೆಲವು ಮಳೆಯ ನೀರು ಮಾಡಿನ ಧೂಳು, ತರಗೆಲೆ, ಪಾಚಿಯನ್ನೆಲ್ಲ ಹೊತ್ತು ತರುವುದರಿಂದ ಅದನ್ನು ಬಿಟ್ಟು, ಆಮೇಲಿನ ನೀರನ್ನು ಡ್ರಮ್ಮಿನ ಬಾಯಿಗೆ ಹಳೆಯ ಪಂಚೆಯ ತುಂಡು ಕಟ್ಟಿ ಸೋಸಿ ಹಿಡಿಯಬೇಕು. ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಆಗುಂಬೆಯ ಆಸುಪಾಸಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಈ ಕೆಲಸಕ್ಕೆ ಬಾವಿಗೆ ಕೊಡಪಾನ ಇಳಿಸುವ ಅಗತ್ಯವೇ ಬೀಳದು. ಬೋರ್‌ವೆಲ್ ನೀರೇ ಗತಿಯೆಂದಿದ್ದರೆ ಕೊನೆಯ ಒಂದು ಬಕೆಟ್ಟಿಗಾದರೂ ಬಾವಿಯ ಅಥವಾ ಮಳೆಯ ನೀರನ್ನು ಮೀಸಲಿಡುವುದು ಒಳಿತು.

ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು

ಒಂದೇ ಅಳತೆಯ, ಬೇರೆ ಬೇರೆ ಬಣ್ಣದ ಎರಡು ಬಕೆಟ್ ಇರಲಿ: ಒಂದು ಸೋಪಿನ ನೀರಿಗೆ, ಇನ್ನೊಂದು ಬಟ್ಟೆಯನ್ನು ಜಾಲಾಡಿಸಲಿಕ್ಕೆ. ಚಕ್ರಕ್ಕೆ ಹಳೆಯದೊಂದು ಬಕೆಟ್ ಬೇರೆಯೇ ಬೇಕು. ಜಾಲಾಡಿಸುವ ಬಕೆಟ್ಟಿನ ತಳದಲ್ಲಿ ತೂತಿನ ತಟ್ಟೆಯೊಂದನ್ನು ಬೋರಲು ಹಾಕಿದರೆ, ಬಟ್ಟೆಯಿಂದ ಕಳಚಿದ ಮರಳು ಅದರ ಕೆಳಗಿಳಿದು ನಿಲ್ಲುತ್ತದೆ ಮತ್ತು ಬಟ್ಟೆ ಅದ್ದಿದಾಗಲೆಲ್ಲ ಮೇಲೇಳುವುದಿಲ್ಲ. ಇದಕ್ಕೆಂದೇ ಮಾಡಿದ ಪ್ಲಾಸ್ಟಿಕ್ ಜಾಲರಿಗಳು ಸಿಗುತ್ತವೆ. ಕಡುಬು ಬೇಯಿಸುವ ಪಾತ್ರೆಯ ಹಳೆಯ ತೂತಿನ ತಟ್ಟೆಯೂ ಆಗುತ್ತದೆ, ಅಡುಗೆಮನೆಯವರ ಒಪ್ಪಿಗೆ ಪಡೆದಿದ್ದರೆ.

ಬಟ್ಟೆಗಳು ಮೈಕ್ರೋಫೈಬರಿನವೇ ಆಗಿರಲಿ. ಬನಿಯನ್, ಪಂಚೆ, ಹಳೆಯ ಸೀರೆ ಮೆತ್ತಗಿವೆಯೆನ್ನಿಸಿದರೂ ಅವುಗಳ ನೇಯ್ಗೆ ಚಪ್ಪಟೆಯಾಗಿರುವುದರಿಂದ ಮರಳಿನ ಕಣ ಬಟ್ಟೆಗೂ ಬಣ್ಣಕ್ಕೂ ನಡುವೆ ಸಿಕ್ಕಿ ಉರುಳುತ್ತದೆ; ಮೈಕ್ರೋಫೈಬರಿನ ಎದ್ದು ನಿಂತ ಎಳೆಗಳ ನಡುವೆಯಾದರೆ ಅದು ಒಳಗೆ ಹೂತುಹೋಗುತ್ತದೆ. ಅಂಗಿಯ ಗುಂಡಿ, ಹೊಲಿಗೆಯ ಅಂಚು ಮಾಡುವ ಹಾನಿಯನ್ನು ಬೇರೆ ಹೇಳಬೇಕಿಲ್ಲ.

ಸೋಪಿನ ವಿಷಯದಲ್ಲಿ ಜಿಪುಣತನ ಬೇಡ. ಬಟ್ಟೆ ಒಗೆಯುವ ಪುಡಿಯಲ್ಲಿ ಸೋಡಾದ ಕ್ಷಾರವಿರುತ್ತದೆ. ಅದು ಕಾರಿಗೆ ಹಚ್ಚಿದ ಮೇಣದ (ವ್ಯಾಕ್ಸ್) ಹೊಳಪನ್ನು ತೆಗೆದುಬಿಡುವುದಲ್ಲದೆ ಕಿಟಕಿಯ ರಬ್ಬರನ್ನೂ ಕಪ್ಪು ಪ್ಲಾಸ್ಟಿಕ್ಕನ್ನೂ ಕಾಲಕ್ರಮದಲ್ಲಿ ಬಿಳಿಚಿಸುತ್ತದೆ. ಪಾತ್ರೆ ತೊಳೆಯುವ ದ್ರವ ಅಷ್ಟು ಕೆಟ್ಟದ್ದಲ್ಲವಾದರೂ ಜಿಡ್ಡಿನೊಂದಿಗೆ ಮೇಣವನ್ನೂ ಕರಗಿಸುತ್ತದೆ. ಕಾರಿನ ಶಾಂಪೂವನ್ನೇ ತಂದು, ಶೀಶೆಯ ಮೇಲೆ ಹೇಳಿದಷ್ಟೇ ಹಾಕಬೇಕು. ನೊರೆ ಹೆಚ್ಚಿದಷ್ಟೂ ಕೊನೆಯಲ್ಲಿ ಜಾಲಾಡಿಸಲು ನೀರು ಹೆಚ್ಚು ಬೇಕಾಗುವುದರಿಂದ, ಪೈಪಿಲ್ಲದವರಿಗೆ ನೊರೆ ಅಷ್ಟೇನೂ ಅನುಕೂಲದ್ದಲ್ಲ. ಅಂಟುವಾಳದ ಕಾಯಿಯನ್ನು ರಾತ್ರಿ ನೆನೆಹಾಕಿ ಕಿವುಚಿ, ಎರಡು ಬಾರಿ ಸೋಸಿದ ನೀರು ಬೇಸಿಗೆಯ ಧೂಳಿಗೆ ಸಾಕಾಗುತ್ತದೆ, ಜಿಡ್ಡಿಗೆ ಸಾಲದು. ಸೀಗೆಪುಡಿಯನ್ನು ಮಾತ್ರ ಬಳಸಬಾರದು; ಅದರ ತರಿಯೇ ಗೀರು ಹಾಕುತ್ತದೆ.

ಇವುಗಳ ಜೊತೆಗೆ ಒಂದು ಸಣ್ಣ ಸ್ಪ್ರೇ ಪಂಪು ಇದ್ದರೆ ಅರ್ಧ ಕೆಲಸ ಹಗುರವಾಗುತ್ತದೆ. ತೋಟವಿರುವ ಮನೆಗಳಲ್ಲಿ ಬೆನ್ನಿಗೆ ಹಾಕಿಕೊಂಡು ಔಷಧಿ ಹೊಡೆಯುವ ಪಂಪು ಇದ್ದೇ ಇರುತ್ತದೆ, ಆದರೆ ಕಳೆನಾಶಕವನ್ನೋ ಬೋರ್ಡೋ ದ್ರಾವಣವನ್ನೋ ತುಂಬಿಸಿದ್ದ ಪಂಪನ್ನು ಎಷ್ಟೇ ತೊಳೆದರೂ ಈ ಕೆಲಸಕ್ಕೆ ತರಬಾರದು. ಎರಡು ಲೀಟರಿನ ಕೈಪಂಪೊಂದನ್ನು ಬೇರೆಯಾಗಿ ಕೊಳ್ಳುವುದೇ ಸರಿ. ಪಂಪು ಇಲ್ಲದಿದ್ದರೆ ಹೂಗಿಡಗಳಿಗೆ ನೀರುಣಿಸುವ ರೋಸ್‌ಕ್ಯಾನ್ ಆಗುತ್ತದೆ. ಚೊಂಬಿನಿಂದ ಎರಚಿದ ನೀರು ಬಹುಪಾಲು ನೆಲಕ್ಕೆ ಹೋಗುತ್ತದೆ. ರೋಸ್‌ಕ್ಯಾನಿನ ನೀರು ಹರಡಿಕೊಂಡು ಮೈಮೇಲೆ ಇಳಿಯುತ್ತದೆ.

ನೆನೆಸುವ ಹಂತ

ಕಾರನ್ನು ನೆರಳಿಗೆ ತಂದು, ಬಾನೆಟ್ಟಿನ ಮೇಲೆ ಅಂಗೈ ಇಟ್ಟರೆ ಬಿಸಿ ತಾಗದಷ್ಟು ಆರುವವರೆಗೆ ಬಿಡಬೇಕು. ಬಿಸಿ ತಗಡಿನ ಮೇಲೆ ಸೋಪಿನ ನೀರು ಕ್ಷಣದಲ್ಲಿ ಒಣಗಿ ಕಲೆಯಾಗುತ್ತದೆ. ಮಲೆನಾಡಿನ ಅಂಗಳ ಇಳಿಜಾರಾಗಿರುವುದೇ ಹೆಚ್ಚಾದ್ದರಿಂದ ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೊಂದು ಅಡ್ಡಗಲ್ಲು ಕೊಡುವುದನ್ನು ಮರೆಯಬಾರದು. ಕಿಟಕಿಗಳೆಲ್ಲ ಪೂರ್ತಿ ಏರಿವೆಯೇ ಎಂದೊಮ್ಮೆ ನೋಡಿ, ಕಾಲಡಿಯ ಮ್ಯಾಟುಗಳನ್ನು ಹೊರತೆಗೆದು ಬದಿಗಿಡಬೇಕು.

ನೀರು ತಾಗಿಸುವ ಮೊದಲು ಕೈಯಿಂದಲೇ ಆಗುವ ಒಂದು ಕೆಲಸವಿದೆ. ಮುಂದಿನ ಗಾಜಿನ ಬುಡದಲ್ಲಿ, ವೈಪರಿನ ಕೆಳಗಿರುವ ಜಾಲರಿಯಲ್ಲಿ, ಮರದಡಿ ನಿಲ್ಲುವ ಕಾರುಗಳಿಗೆ ಎಲೆ, ಹೂವು, ಬೀಜಗಳು ಸೇರಿಕೊಂಡು ಗೊಬ್ಬರದಂತಾಗಿರುತ್ತವೆ. ಅಲ್ಲಿಂದ ನೀರು ಇಳಿದುಹೋಗುವ ರಂಧ್ರ ಕಟ್ಟಿಕೊಂಡರೆ ಜೋರು ಮಳೆಯಲ್ಲಿ ನೀರು ಕಾರಿನ ಒಳಗೇ ಇಳಿಯುತ್ತದೆ. ಎಲೆಗಳನ್ನು ಬೆರಳಿನಿಂದ ಆರಿಸಿ ತೆಗೆಯಬೇಕು. ನೀರು ಹೊಯ್ದು ತಳ್ಳಲು ಹೋದರೆ ಅವು ರಂಧ್ರದೊಳಕ್ಕೇ ಹೋಗುತ್ತವೆ. ಬಾಗಿಲುಗಳ ತಳದ ಅಂಚಿನಲ್ಲೂ ಇಂಥ ಸಣ್ಣ ರಂಧ್ರಗಳಿವೆ. ಕೆಸರು ಮೆತ್ತಿ ಅವು ಮುಚ್ಚಿದ್ದರೆ ಹಿಡಿಕಡ್ಡಿಯಿಂದ ಬಿಡಿಸಬೇಕು, ಇಲ್ಲವಾದರೆ ಬಾಗಿಲಿನೊಳಗೆ ನಿಂತ ನೀರು ಒಳಗಿನಿಂದಲೇ ತುಕ್ಕು ಹಿಡಿಸುತ್ತದೆ.

ಈಗ ನೆನೆಸುವುದು. ಪಂಪಿನಲ್ಲಿ ನೀರಿಗೆ ಒಂದು ಹನಿಯಷ್ಟು ಶಾಂಪೂ ಬೆರೆಸಿ, ಕೆಳಗಿನಿಂದ ಮೇಲಕ್ಕೆ, ಕಾರಿನ ಒಂದು ಬದಿಗೆ ಮಾತ್ರ ಮಂಜಿನಂತೆ ಹೊಡೆಯಬೇಕು. ಕೆಸರು ಹೆಚ್ಚಿರುವ ಬಾಗಿಲಿನ ಕೆಳಭಾಗ, ಹಿಂದಿನ ಬಂಪರು, ಡಿಕ್ಕಿಯ ಬಾಗಿಲುಗಳಿಗೆ ನೀರು ತೊಟ್ಟಿಕ್ಕುವಷ್ಟು ಒದ್ದೆಯಾದ ಬಟ್ಟೆಯನ್ನು ಹಚ್ಚಿ ಅಂಟಿಸಿಬಿಡಬೇಕು. ಐದರಿಂದ ಹತ್ತು ನಿಮಿಷ ಅದು ಹಾಗೇ ಇರಲಿ. ಒಣಗತೊಡಗಿದರೆ ಮತ್ತೆ ಹನಿಸಬೇಕು. ಜೂನ್ ತಿಂಗಳ ಹಸಿ ಕೆಸರಿಗಿಂತ ಎರಡು ದಿನ ಬಿಸಿಲು ಕಂಡ ಕೆಸರಿಗೆ ಈ ಕ್ರಮವನ್ನು ಎರಡು ಸಲ ಮಾಡಬೇಕಾಗುತ್ತದೆ. ಬಟ್ಟೆಯನ್ನು ತೆಗೆಯುವಾಗ ಜಾರಿಸದೆ, ಎತ್ತಿ ತೆಗೆಯಬೇಕು. ಬಳಿಕ ರೋಸ್‌ಕ್ಯಾನಿನಿಂದ ಮೇಲಿನಿಂದ ಕೆಳಕ್ಕೆ ನೀರು ಹನಿಸಿದರೆ ಕೆಂಪು ನೀರು ಹರಿದು ಬೀಳುತ್ತದೆ. ಹರಿಯುವ ನೀರಿನ ಕೆಂಪು ತಿಳಿಯಾಗುವ ತನಕ ಬಣ್ಣದ ಮೇಲೆ ಉಜ್ಜುವ ಬಟ್ಟೆ ಇಡಬಾರದು. ಈ ಲೇಖನದಲ್ಲಿ ಒಂದೇ ಒಂದು ಮಾತನ್ನು ಪಾಲಿಸುವುದಾದರೆ ಇದನ್ನು ಪಾಲಿಸಬೇಕು. ಉಳಿದ ತಪ್ಪುಗಳನ್ನು ತಿದ್ದಿಕೊಳ್ಳಬಹುದು, ಗೀರನ್ನು ತಿದ್ದುವುದು ದುಬಾರಿ.

ಬಚ್ಚಲಿನ ಹಂಡೆಯಲ್ಲಿ ಬಿಸಿನೀರು ಸದಾ ಇರುವ ಮನೆಗಳವರು ನೆನೆಸುವ ನೀರಿಗೆ ಸ್ವಲ್ಪ ಬೆರೆಸಿ ಉಗುರುಬೆಚ್ಚಗೆ ಮಾಡಿಕೊಂಡರೆ ಜಿಡ್ಡು ಬೇಗ ಬಿಡುತ್ತದೆ. ಕುದಿಯುವ ನೀರನ್ನು ಗಾಜಿನ ಮೇಲೆ ಹಾಕಬಾರದು.

ಉಜ್ಜುವುದು, ಜಾಲಾಡಿಸುವುದು, ಒರೆಸುವುದು

ಕಾರಿನ ಮಾಡಿನಿಂದ ಆರಂಭಿಸಿ ಗಾಜು, ಬಾನೆಟ್, ಬಾಗಿಲಿನ ಮೇಲ್ಭಾಗ, ಡಿಕ್ಕಿ, ಕೊನೆಗೆ ಬಾಗಿಲಿನ ಕೆಳಭಾಗ ಮತ್ತು ಬಂಪರು ಎಂಬ ಕ್ರಮದಲ್ಲಿ ಇಳಿಯಬೇಕು. ಗರಸಿನ ಕಣಗಳು ಇರುವುದು ಕೆಳಭಾಗದಲ್ಲೇ. ಅಲ್ಲಿ ಓಡಾಡಿದ ಬಟ್ಟೆ ಮೇಲಕ್ಕೆ ಬರಕೂಡದು. ಬಟ್ಟೆಯನ್ನು ಸೋಪಿನ ನೀರಿನಲ್ಲಿ ಅದ್ದಿ, ಹಿಂಡದೆ, ಅದರ ಭಾರವಷ್ಟೇ ಬೀಳುವಂತೆ ಉದ್ದಕ್ಕೆ ಎಳೆಯಬೇಕು. ಸುತ್ತುಸುತ್ತಾಗಿ ಉಜ್ಜಿದರೆ ಬಿದ್ದ ಗೀರು ಯಾವ ದಿಕ್ಕಿನಿಂದ ನೋಡಿದರೂ ಕಾಣುತ್ತದೆ. ಒಂದು ಬಾಗಿಲಿನಷ್ಟು ಜಾಗ ಮುಗಿಯುತ್ತಿದ್ದಂತೆ ಬಟ್ಟೆಯನ್ನು ಎರಡನೆಯ ಬಕೆಟ್ಟಿನಲ್ಲಿ ಜಾಲಾಡಿಸಿ, ಹಿಂಡಿ, ಆಮೇಲೆಯೇ ಸೋಪಿನ ನೀರಿಗೆ ಹಾಕಬೇಕು. ಇದನ್ನು ಬೇಸರವೆಂದು ಬಿಟ್ಟವರ ಸೋಪಿನ ಬಕೆಟ್ಟಿನ ತಳದಲ್ಲಿ ಕೊನೆಗೆ ಕೈಯಾಡಿಸಿದರೆ ಸಿಗುವ ಮರಳೇ ಕಾರಣವನ್ನು ಹೇಳುತ್ತದೆ. ಬಟ್ಟೆಯನ್ನು ಎರಡು ಸಲ ಮಡಚಿಕೊಂಡರೆ ಎಂಟು ಮಗ್ಗುಲುಗಳಾಗುತ್ತವೆ. ಒಂದು ಮಗ್ಗುಲು ಕೊಳೆಯಾದಂತೆ ಇನ್ನೊಂದಕ್ಕೆ ತಿರುಗಿಸುತ್ತ ಹೋದರೆ ಜಾಲಾಡಿಸುವ ನೀರೂ ಉಳಿಯುತ್ತದೆ.

ಸೋಪು ಹಚ್ಚಿದ ಭಾಗವನ್ನು ಆಗಿಂದಾಗ್ಗೆ ರೋಸ್‌ಕ್ಯಾನಿನಿಂದ ಇಳಿಸಿಬಿಡಬೇಕು. ಇಡೀ ಕಾರಿಗೆ ಸೋಪು ಬಳಿದು ಆಮೇಲೆ ಒಟ್ಟಿಗೆ ತೊಳೆಯುವುದು ಪೈಪಿರುವವರ ಪದ್ಧತಿ. ನೀರು ಬಹಳ ಕಡಿಮೆಯಿದ್ದಾಗ, ಸ್ವಚ್ಛ ನೀರಿನಲ್ಲಿ ಅದ್ದಿದ ಮತ್ತೊಂದು ಬಟ್ಟೆಯಿಂದ ಎರಡು ಸಲ ಒರೆಸಿಯೂ ಸೋಪನ್ನು ತೆಗೆಯಬಹುದು.

ಒರೆಸಲು ಎರಡು ಬಟ್ಟೆಗಳು: ಒಂದು ಹೆಚ್ಚಿನ ನೀರನ್ನು ಹೀರಲು, ಇನ್ನೊಂದು ಉಳಿದ ಪಸೆಯನ್ನು ತೆಗೆಯಲು. ಬಾಗಿಲು, ಡಿಕ್ಕಿಗಳನ್ನು ತೆರೆದು ಅಂಚಿನ ಸಂದುಗಳನ್ನೂ ಒರೆಸಬೇಕು. ಕೆಸರು ನೀರು ಅಲ್ಲಿ ಕುಳಿತು, ಹತ್ತುವಾಗ ಬಟ್ಟೆಗೆ ಮೆತ್ತುತ್ತದೆ. ವೈಪರನ್ನು ಎತ್ತಿ ರಬ್ಬರನ್ನು ಒದ್ದೆ ಬಟ್ಟೆಯಿಂದ ಉದ್ದಕ್ಕೆ ಒರೆಸಿದರೆ ಘಾಟಿಯ ಮಳೆಯಲ್ಲಿ ಗಾಜಿನ ಮೇಲೆ ಗೆರೆ ಮೂಡುವುದು ಕಡಿಮೆಯಾಗುತ್ತದೆ. ಬಾನೆಟ್ ಎತ್ತಿ ಎಂಜಿನ್ನಿಗೆ ನೀರು ಸುರಿಯುವುದು ಮಾತ್ರ ಬೇಡ. ಅಲ್ಲಿನ ಧೂಳನ್ನು ಒಣ ಬಟ್ಟೆಯಿಂದ ತೆಗೆದರೆ ಸಾಕು.

ಚಕ್ರಗಳನ್ನು ಮೊದಲು ತೊಳೆಯಬೇಕೋ ಕೊನೆಗೋ ಎಂಬುದರಲ್ಲಿ ಭಿನ್ನಾಭಿಪ್ರಾಯವಿದೆ. ನನ್ನ ಅನುಭವದಲ್ಲಿ ಅದು ಕಾಲವನ್ನು ಅವಲಂಬಿಸಿದೆ. ಮಳೆಗಾಲದಲ್ಲಿ ಮಡ್‌ಗಾರ್ಡಿನ ಒಳಗೆ ಹಿಡಿಗಟ್ಟಲೆ ಕೆಸರು, ಸಗಣಿ, ಹುಲ್ಲು ಸೇರಿರುತ್ತದೆ. ಅದನ್ನು ಕೊನೆಗೆ ಕೆದಕಿದರೆ ತೊಳೆದ ಬಾಗಿಲಿಗೆಲ್ಲ ಸಿಡಿಯುವುದರಿಂದ ಮೊದಲೇ ಮುಗಿಸಬೇಕು. ಬೇಸಿಗೆಯಲ್ಲಿ ಅಂಥದ್ದೇನೂ ಇರದು. ಮೇಲ್ಭಾಗ ತೊಳೆದು ಉಳಿದ ನೀರಿನಲ್ಲೇ ಚಕ್ರವನ್ನು ಕೊನೆಗೆ ತೊಳೆದರೆ ಒಂದು ಬಕೆಟ್ ಉಳಿಯುತ್ತದೆ. ಎರಡೂ ಸಂದರ್ಭಗಳಲ್ಲಿ ಮಡ್‌ಗಾರ್ಡಿನ ಒಳ ಅಂಚಿಗೆ ಕೈಹಾಕಿ ಮೆತ್ತಿದ ಮಣ್ಣನ್ನು ತೆಗೆಯಲೇಬೇಕು. ಮಲೆನಾಡಿನ ಗಾಳಿಯಲ್ಲಿ ಆ ಮಣ್ಣು ತಿಂಗಳುಗಟ್ಟಲೆ ಆರದೆ ತಗಡಿಗೆ ಅಂಟಿಕೊಂಡಿದ್ದು ತುಕ್ಕಿಗೆ ದಾರಿ ಮಾಡುತ್ತದೆ. ಮಳೆಗಾಲವಾದರೆ ಕೈಹಾಕುವ ಮುನ್ನ ಇಣುಕಿ ನೋಡುವುದೂ ಒಳ್ಳೆಯದು. ಇಂಬಳಗಳಿಗೆ ಅದು ಪ್ರಿಯವಾದ ಜಾಗ, ಕಾಲಡಿಯ ಮ್ಯಾಟಿನಂತೆಯೇ.

ತೋಟದ ಊರಿನ ಕಲೆಗಳು

ಬೋರ್ಡೋ ಹೊಡೆಯುವ ದಿನಗಳಲ್ಲಿ ಅಡಿಕೆ ತೋಟದ ಪಕ್ಕ ನಿಲ್ಲಿಸಿದ ಕಾರಿನ ಮೇಲೆ ತಿಳಿನೀಲಿ ಚುಕ್ಕೆಗಳು ಬೀಳುತ್ತವೆ. ಕೊಳೆರೋಗಕ್ಕೆ ಬಳಸುವ ಈ ದ್ರಾವಣದಲ್ಲಿ 100 ಲೀಟರ್ ನೀರಿಗೆ ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ ಇರುತ್ತದೆ. ಮಳೆಗೆ ತೊಳೆದುಹೋಗದಂತೆ ಅಂಟಿಕೊಳ್ಳುವುದೇ ಅದರ ಗುಣವಾದ್ದರಿಂದ ಸೋಪಿನ ನೀರಿಗೆ ಅದು ಜಗ್ಗದು. ಉಜ್ಜಲು ಹೋಗದೆ, ಒಂದು ಪಾಲು ಬಿಳಿ ವಿನೆಗರಿಗೆ ಮೂರು ಪಾಲು ನೀರು ಬೆರೆಸಿ, ಅದರಲ್ಲಿ ಅದ್ದಿದ ಬಟ್ಟೆಯನ್ನು ಚುಕ್ಕೆಯ ಮೇಲೆ ಒಂದೆರಡು ನಿಮಿಷ ಒತ್ತಿ ಇಟ್ಟರೆ ಹುಳಿಗೆ ಸುಣ್ಣವೂ ತಾಮ್ರವೂ ಕರಗುತ್ತವೆ. ತಕ್ಷಣ ಸ್ವಚ್ಛ ನೀರಿನಿಂದ ತೊಳೆಯಬೇಕು. ಬೋರ್‌ವೆಲ್ ನೀರಿನ ಬಿಳಿಯ ಚುಕ್ಕೆಗಳಿಗೂ ಇದೇ ಉಪಾಯ.

ಅಡಿಕೆ ಬೇಯಿಸುವ ಚೊಗರು ಸಿಡಿದರೆ ಅದು ಆರುವ ಮೊದಲೇ ನೀರು ಹಾಕಬೇಕು. ಆರಿದ ಚೊಗರು ಸೀಟಿನ ಬಟ್ಟೆಗೆ ತಾಗಿದ್ದರೆ ಮರೆತುಬಿಡುವುದೇ ಲೇಸು. ಹಲಸಿನ ಮೇಣಕ್ಕೆ ನಮ್ಮ ಅಡುಗೆಮನೆಗಳಲ್ಲಿ ಕತ್ತಿಗೆ ಹಚ್ಚುವ ತೆಂಗಿನೆಣ್ಣೆಯೇ ಮದ್ದು: ಎಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟು ಮೆತ್ತಗೆ ಒರೆಸಿ, ಆ ಜಾಗವನ್ನು ಮಾತ್ರ ಮತ್ತೊಮ್ಮೆ ಸೋಪಿನಿಂದ ತೊಳೆಯಬೇಕು. ರಸ್ತೆಯ ಡಾಂಬರಿನ ಸಣ್ಣ ಚುಕ್ಕೆಗಳೂ ಹೀಗೆಯೇ ಬಿಡುತ್ತವೆ. ಹಕ್ಕಿಯ ಹಿಕ್ಕೆಯನ್ನು ವಾರದ ತೊಳೆಯುವಿಕೆಗೆಂದು ಉಳಿಸಿಕೊಳ್ಳಬಾರದು. ಅದರ ಹುಳಿ ಬಿಸಿಲಿನಲ್ಲಿ ಪದರವನ್ನು ಕೊರೆಯುತ್ತದೆ. ಕಂಡ ದಿನವೇ ಒದ್ದೆ ಬಟ್ಟೆ ಇಟ್ಟು ನೆನೆಸಿ ಎತ್ತಬೇಕು. ಮೊದಲ ಮಳೆಯ ರಾತ್ರಿ ದೀಪಕ್ಕೆ ಮುತ್ತಿ ಬಂಪರಿಗೆ ಅಂಟುವ ಮಳೆಹುಳುಗಳಿಗೂ ಒದ್ದೆ ಬಟ್ಟೆಯೇ ಸಾಕು, ಮರುದಿನ ಬೆಳಿಗ್ಗೆಯೇ ಮಾಡಿದರೆ.

ಇವುಗಳಲ್ಲಿ ಬಹುಪಾಲು ಸಲೀಸಾಗಿ ಬಿಡಬೇಕಾದರೆ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮುನ್ನ, ತೊಳೆದು ಪೂರ್ತಿ ಆರಿದ ಕಾರಿಗೆ ಒಂದು ಸಲ ಮೇಣ ಹಚ್ಚಿಟ್ಟುಕೊಳ್ಳಬೇಕು. ಕೆಸುವಿನ ಎಲೆಯ ಮೇಲಿನಂತೆ ನೀರು ಉರುಳಿಹೋಗುವ ಮೈಗೆ ಕೆಸರೂ ಬಿಗಿಯಾಗಿ ಹಿಡಿಯದು, ನೆನೆಸುವ ಸಮಯವೂ ಅರ್ಧಕ್ಕಿಳಿಯುತ್ತದೆ.

ತೊಳೆದ ನೀರು ಹೋಗುವ ಜಾಗ

ಹೊಳೆಗೆ ಗಾಡಿ ಇಳಿಸಿ ತೊಳೆಯುವುದು ಈ ಭಾಗದಲ್ಲಿ ಹಳೆಯ ರೂಢಿ. ಅದು ನೀರಿನ ಕೊರತೆಗೆ ಪರಿಹಾರದಂತೆ ಕಂಡರೂ ಸೋಪು, ಎಂಜಿನ್ ಎಣ್ಣೆ, ಬ್ರೇಕಿನ ಪುಡಿ ಎಲ್ಲವೂ ನೇರವಾಗಿ ನೀರಿಗೇ ಸೇರುತ್ತವೆ. ಶೃಂಗೇರಿಯ ಮಠದ ಮೆಟ್ಟಿಲುಗಳ ಬಳಿ ಜನ ಮಂಡಕ್ಕಿ ಹಾಕುವ ಮೀನುಗಳು ಇರುವುದೂ, ಶಿವಮೊಗ್ಗ ನಗರ ಕುಡಿಯುವುದೂ ಅದೇ ತುಂಗೆಯ ನೀರನ್ನು. ಮನೆಯಲ್ಲಿ ತೊಳೆಯುವಾಗಲೂ ಬಾವಿಯ ಕಟ್ಟೆಯಿಂದ, ಅಬ್ಬಿಯ ಕಾಲುವೆಯಿಂದ ದೂರಕ್ಕೆ, ನೀರು ಇಂಗುವ ಗರಸು ನೆಲದ ಮೇಲೆ ಕಾರನ್ನು ನಿಲ್ಲಿಸಬೇಕು. ಸೋಪಿನ ನೀರನ್ನು ತೆಂಗಿನ ಬುಡಕ್ಕೆ ಹಾಯಿಸುವವರಿದ್ದಾರೆ. ಚಕ್ರ ತೊಳೆದ ನೀರಿನಲ್ಲಿ ಎಣ್ಣೆಯ ಪಸೆ ಇರುವುದರಿಂದ ಅದನ್ನಾದರೂ ಬೇರೆ ಕಡೆಗೆ ಚೆಲ್ಲಬೇಕು.

ತೊಳೆದ ಕಾರನ್ನು ಹಾಗೆಯೇ ಹ್ಯಾಂಡ್‌ಬ್ರೇಕ್ ಎಳೆದು ರಾತ್ರಿಯಿಡೀ ನಿಲ್ಲಿಸಿದರೆ, ಅದರಲ್ಲೂ ಆಷಾಢದ ತೇವದಲ್ಲಿ, ಒದ್ದೆಯಾದ ಬ್ರೇಕಿಗೆ ತುಕ್ಕು ಹಿಡಿದು ಬೆಳಿಗ್ಗೆ ಚಕ್ರ ಕಚ್ಚಿಕೊಳ್ಳುವುದುಂಟು. ಮನೆಯೆದುರಿನ ದಾರಿಯಲ್ಲಿ ಸ್ವಲ್ಪ ದೂರ ನಿಧಾನವಾಗಿ ಓಡಿಸಿ, ನಾಲ್ಕೈದು ಸಲ ಬ್ರೇಕನ್ನು ಮೆಲ್ಲಗೆ ಒತ್ತಿದರೆ ಅದು ಆರುತ್ತದೆ. ಮ್ಯಾಟುಗಳು ಪೂರ್ತಿ ಒಣಗದೆ ಕಾರಿನೊಳಗೆ ಹೋಗಬಾರದು. ಬಿಸಿಲೇ ಇಲ್ಲದ ವಾರಗಳಲ್ಲಿ ಬಚ್ಚಲೊಲೆಯ ಹತ್ತಿರದ ಗೋಡೆಗೆ ಒರಗಿಸಿದರೆ ಒಂದು ರಾತ್ರಿಯಲ್ಲಿ ಆರುತ್ತವೆ, ಇಲ್ಲವಾದರೆ ಒಳಗೆಲ್ಲ ಬೂಸಲು ವಾಸನೆ ಹಿಡಿಯುತ್ತದೆ. ಬಟ್ಟೆಗಳನ್ನು ಮನೆಯ ಇತರ ಬಟ್ಟೆಗಳೊಂದಿಗೆ ಸೇರಿಸದೆ ಒಗೆದು, ಗಾಳಿಗೆ ಒಣಗಿಸಿ, ಮುಚ್ಚಳವಿರುವ ಡಬ್ಬಿಯಲ್ಲಿಡಬೇಕು. ನಡುವೆ ಯಾವುದಾದರೂ ಬಟ್ಟೆ ಕೈಜಾರಿ ಅಂಗಳಕ್ಕೆ ಬಿದ್ದರೆ ಅದನ್ನು ಕೊಡವಿಕೊಂಡು ಮತ್ತೆ ಬಣ್ಣದ ಮೇಲೆ ಇಡಬಾರದು. ಅಂದಿನಿಂದ ಅದು ಚಕ್ರದ ಬಟ್ಟೆ.